ಟಯರುಗಳನ್ನು ಆರಿಸುವುದರಲ್ಲಿ ನಾವು ಕಲಿತ ಪಾಠ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಒಂದು ಲೇಖನವನ್ನು ಕೊಡತಕ್ಕದ್ದೆಂಬುದು ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ನಡೆದು ಬಂದ ಪದ್ಧತಿ. ಪರೀಕ್ಷೆಗಳ ಫಲಿತಾಂಶ, ಹೊಲಿಗೆಯ ಪ್ರದರ್ಶನ, ತೋಟದ ಕೆಲಸ ಮುಂತಾದವುಗಳ ವಿಷಯವು ವಾರ್ಷಿಕ ವರದಿಯಲ್ಲಿ ಬೇರೆಯಾಗಿಯೇ ಬಂದಿರುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಈ ಸಾರೆ ಮೋಟಾರು ಗಾಡಿಯ ಟಯರುಗಳ ವಿಷಯವಾಗಿ ಬರೆಯಲಿದ್ದೇವೆಂದು ತಿಳಿಸಿದಾಗ ನಮ್ಮ ಸಹೋಪಾಧ್ಯಾಯಿನಿಯರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ವಾಚಕರೂ ನಗಬಹುದು. ಆದರೆ ಹಿಂದಿನ ಸಮ್ಮೇಳನದ ದಿವಸ ಶಾಲೆಯ ಅಂಗಳದಲ್ಲಿ ನಿಂತಿದ್ದ ಎತ್ತರವಾದ ಮೋಟಾರುಗಳನ್ನು ನಾವು ಎಣಿಸಿ ನೋಡಿದೆವು. ಅವುಗಳಲ್ಲಿ ಬಹುಪಾಲನ್ನು ತಾವೇ ನಡೆಸಿಕೊಂಡು ಬಂದವರು ನಮ್ಮ ಹಳೇ ವಿದ್ಯಾರ್ಥಿನಿಯರು. ಕೆಲವರು ಮಲೆನಾಡಿನ ಕಾಫಿ ತೋಟಗಳಿಂದ ಬಂದಿದ್ದರು. ಬರಲಾರದ ಕೆಲವರು ಹಿಮ ಬೀಳುವ ಕೆನಡಾ, ಜರ್ಮನಿ ದೇಶಗಳಿಂದ ಪತ್ರ ಬರೆದಿದ್ದರು. ಇಂಥವರಿಗೆ ನಾವು ಒಂದು ತಪ್ಪನ್ನು ಮಾಡಿ ಕಲಿತುಕೊಂಡದ್ದನ್ನು ಹೇಳದಿರುವುದು ನ್ಯಾಯವಲ್ಲವೆಂದು ತೋರಿತು.

ತಪ್ಪು ನಮ್ಮದೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ನಮ್ಮ ತಮ್ಮನು ಸರಕಾರಿ ಕೆಲಸದಲ್ಲಿರುವ ಎಂಜಿನಿಯರು. ಕೆಲವು ವರ್ಷ ಸಕಲೇಶಪುರದ ಕಡೆಯಲ್ಲಿದ್ದನು. ಆಗಲೇ ಈಗಿನ ಕಾಲದವರು ಎಸ್.ಯು.ವಿ. ಎಂದು ಕರೆಯುವ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಹಾಯಿಸಬಲ್ಲ ಒಂದು ಗಾಡಿಯನ್ನು ಕೊಂಡನು. ಮಳೆಗಾಲದಲ್ಲಿ ತೋಟದ ದಾರಿಗಳ ಕೆಂಪು ಕೆಸರಿನಲ್ಲಿ ಅದು ಎರಡು ಮೂರು ಸಾರೆ ಹೂತುಹೋದುದನ್ನು ಕೇಳಿ, ಅವನ ಹುಟ್ಟಿದ ಹಬ್ಬಕ್ಕೆ ಹೊಸ ಟಯರುಗಳನ್ನು ಉಡುಗೊರೆಯಾಗಿ ಕೊಡುವೆವೆಂದು ನಾವೇ ಮುಂದೆ ಬಂದೆವು. ಅಂಗಡಿಯಲ್ಲಿ ಮೂರು ಜಾತಿಯ ಟಯರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದು ಹೆದ್ದಾರಿಗೆಂದು ಮಾಡಿದ್ದು. ಅದರ ಮೈ ನುಣುಪು, ಗೀರುಗಳು ಸಣ್ಣವು. ಎರಡನೆಯದು ಎಲ್ಲಾ ನೆಲಕ್ಕೂ ಸಲ್ಲುವ ಆಲ್-ಟೆರೇನ್ ಎಂಬುದು. ಮೂರನೆಯದು ಕೆಸರಿನ ಟಯರು. ಅದರ ರಬ್ಬರಿನ ಗಟ್ಟಿಗಳು ಬೆಲ್ಲದ ಅಚ್ಚುಗಳಂತೆ ದಪ್ಪವಾಗಿ ಎದ್ದು ನಿಂತಿದ್ದವು, ನಡುವಣ ಸಂದುಗಳಲ್ಲಿ ಎರಡು ಬೆರಳು ಹಿಡಿಯುವಂತಿತ್ತು. ಅಂಗಡಿಯವರು ಎರಡನೆಯದನ್ನು ತೋರಿಸಿದರು. ನಾವು ಮೂರನೆಯದನ್ನು ತೋರಿಸಿದೆವು. ನೋಡಿದರೆ ಯಾವುದು ಬಲವಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲವೇ ಎಂದು ಕೇಳಿದೆವು. ಮೇಲಾಗಿ ಅದರ ಪಕ್ಕೆಯ ಮೇಲೆ ಎಂ ಪ್ಲಸ್ ಎಸ್ ಎಂದು ಅಚ್ಚೊತ್ತಿತ್ತು. ಅದರ ಅರ್ಥ ಕೆಸರು ಮತ್ತು ಹಿಮ ಎಂದು ತಿಳಿದಾಗ, ಹಿಮಕ್ಕೂ ಆಗುವುದಾದರೆ ಇನ್ನೇನು ಬೇಕೆಂದು ಹಣ ಕೊಟ್ಟು ಬಂದೆವು.

ಆ ಮಳೆಗಾಲದಲ್ಲಿ ಆ ಟಯರುಗಳು ನಮ್ಮ ಮಾತನ್ನು ಉಳಿಸಿದವು. ದಪ್ಪ ಗಟ್ಟಿಗಳು ಕೆಸರನ್ನು ಅಗೆದು ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತಿದ್ದವು. ಅಗಲವಾದ ಸಂದುಗಳು ಚಕ್ರ ತಿರುಗಿದ ಹಾಗೆ ಕೆಸರನ್ನು ಹೊರಕ್ಕೆ ಎಸೆಯುತ್ತಿದ್ದವು. ತಮ್ಮನು ಸಂತೋಷಪಟ್ಟನು, ನಮಗೂ ಸ್ವಲ್ಪ ಹೆಮ್ಮೆಯಾಯಿತು.

ಅನಂತರ ಅವನಿಗೆ ಹಿಮಾಚಲ ಪ್ರದೇಶದ ಲಾಹೌಲಿಗೆ ವರ್ಗವಾಯಿತು. ರೋಹತಾಂಗ್ ಕಣಿವೆಯ ಕೆಳಗೆ ಕೊರೆದ 9 ಕಿಲೋಮೀಟರು ಉದ್ದದ ಅಟಲ್ ಸುರಂಗವು 2020ರ ಅಕ್ಟೋಬರಿನಲ್ಲಿ ತೆರೆದಂದಿನಿಂದ ಆ ಸೀಮೆಗೆ ಚಳಿಗಾಲದಲ್ಲಿಯೂ ಮೋಟಾರುಗಳು ಹೋಗಿಬರುವಂತಾಗಿದೆ. ಅದಕ್ಕೆ ಮುಂಚೆ 3,978 ಮೀಟರು ಎತ್ತರದ ಆ ಕಣಿವೆಯು ಹಿಮದಿಂದ ಮುಚ್ಚಿದರೆ ಲಾಹೌಲಿನ ಜನರು ತಿಂಗಳುಗಟ್ಟಲೆ ಹೊರಗಿನ ಲೋಕದಿಂದ ಅಗಲಿರಬೇಕಾಗಿತ್ತು. ತಮ್ಮನು ಹೆಂಡತಿಯನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು, ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಅದೇ ಗಾಡಿಯಲ್ಲಿ ಕ್ರಮಿಸಿ ಕೇಲಾಂಗ್ ಪಟ್ಟಣದಲ್ಲಿ ಮನೆ ಹಿಡಿದನು. ಟಾರು ರಸ್ತೆಯ ಮೇಲೆ ಆ ಟಯರುಗಳು ದಾರಿಯುದ್ದಕ್ಕೂ ಜೇನುಹುಳುವಿನಂತೆ ಹುಯ್ಯಲಿಟ್ಟವೆಂದೂ, ಎಣ್ಣೆಯ ಖರ್ಚು ಹೆಚ್ಚಾಯಿತೆಂದೂ, ಗಟ್ಟಿಗಳು ಒಂದು ಕಡೆಗೆ ಸವೆದವೆಂದೂ ಪತ್ರ ಬರೆದಿದ್ದನು. ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮುಂದಿನ ಚಳಿಗಾಲದ ರಜೆಯಲ್ಲಿ ನಾವು ಅವರನ್ನು ನೋಡುವುದಕ್ಕೆ ಹೋದೆವು. ತಮ್ಮನು ಮನಾಲಿಗೆ ಬಂದು ನಮ್ಮನ್ನು ಕರೆದುಕೊಂಡನು. ಹೆಂಡತಿಯೂ ಮಗಳೂ ಸಂಗಡ ಇದ್ದರು. ಸುರಂಗವನ್ನು ದಾಟಿ ಸಿಸ್ಸು ಗ್ರಾಮವನ್ನು ಬಿಟ್ಟ ಮೇಲೆ ರಸ್ತೆಯು ಚಂದ್ರಾ ನದಿಯ ಮಗ್ಗುಲಿನಲ್ಲಿ ಸಾಗುತ್ತದೆ. ಹಿಮ ಬಿದ್ದು ಎರಡು ದಿವಸವಾಗಿತ್ತು. ಹಗಲಿನ ಗಾಡಿಗಳು ಅದನ್ನು ತುಳಿದು ತುಳಿದು ಗಾರೆಯ ನೆಲದಂತೆ ಮಾಡಿದ್ದವು. ಸಂಜೆಯ ನಾಲ್ಕು ಗಂಟೆ. ಗುಡ್ಡದ ನೆರಳು ರಸ್ತೆಯ ಮೇಲೆ ಬಿದ್ದಿತ್ತು. ಒಂದು ತಿರುವಿನ ಮುಂದೆ ತಮ್ಮನು ಮೆಲ್ಲಗೆ ಬ್ರೇಕನ್ನು ಒತ್ತಿದನು. ಗಾಡಿಯ ವೇಗವು ಆಗ 25 ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಬ್ರೇಕು ಕಾಲಿನ ಕೆಳಗೆ ಗಡಗಡನೆ ನಡುಗಿತೇ ಹೊರತು ಗಾಡಿಯು ನಿಲ್ಲಲಿಲ್ಲ, ತಿರುಗಲೂ ಇಲ್ಲ. ಏನೂ ಸದ್ದಿಲ್ಲದೆ, ತಟ್ಟೆಯ ಮೇಲೆ ಬೆಣ್ಣೆ ಜಾರುವಂತೆ, ಅದು ನೇರವಾಗಿ ನದಿಯ ಕಡೆಗೆ ಸರಿಯತೊಡಗಿತು. ತಮ್ಮನು ಬ್ರೇಕಿನಿಂದ ಕಾಲು ತೆಗೆದನು. ಚಕ್ರಗಳು ಮತ್ತೆ ಉರುಳಿದವು; ಒಂದಿಷ್ಟು ಹಿಡಿತ ಸಿಕ್ಕಿತು; ಅವನು ಗುಡ್ಡದ ಕಡೆಗೆ ತಿರುಗಿಸಿದನು. ಗಾಡಿಯು ಓರೆಯಾಗಿ ಹೋಗಿ, ರಸ್ತೆಯನ್ನು ತೆರವು ಮಾಡಿದವರು ಗುಡ್ಡದ ಬುಡದಲ್ಲಿ ಒಟ್ಟಿದ್ದ ಹಿಮದ ರಾಶಿಗೆ ಮೂತಿಯನ್ನು ತೂರಿ ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಪರಿಯಂತ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಹುಡುಗಿಯು ನಮ್ಮ ಕೈಯನ್ನು ಹಿಡಿದುಕೊಂಡಿದ್ದಳು. ಈ ಟಯರುಗಳನ್ನು ಕೊಡಿಸಿದವರು ಯಾರೆಂಬುದು ನಮಗೊಬ್ಬರಿಗೇ ಆ ಹೊತ್ತಿನಲ್ಲಿ ನೆನಪಿದ್ದಿರಬೇಕು.

ಹಿಂದಿನಿಂದ ಆ ಊರಿನವನೊಬ್ಬನು ಒಂದು ಸಣ್ಣ ಮೋಟಾರಿನಲ್ಲಿ ಬಂದನು. ಅದರ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿತ್ತು. ನಮ್ಮ ದೊಡ್ಡ ಗಾಡಿಯು ನಿಲ್ಲಲಾರದ ಜಾಗದಲ್ಲಿ ಅವನ ಚಿಕ್ಕ ಗಾಡಿಯು ಸುಮ್ಮನೆ ನಿಂತಿತು. ಅವನು ಇಳಿದು ಬಂದು, ನಮ್ಮ ಟಯರಿನ ಒಂದು ಗಟ್ಟಿಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಇದು ಕಲ್ಲಾಗಿಬಿಟ್ಟಿದೆ ಎಂದು ಹಿಂದಿಯಲ್ಲಿ ಹೇಳಿದನು. ನಾವೂ ಒತ್ತಿ ನೋಡಿದೆವು. ಸಕಲೇಶಪುರದಲ್ಲಿ ಉಗುರು ಊರುತ್ತಿದ್ದ ರಬ್ಬರು ಅಲ್ಲಿ ಮರದ ಕೊರಡಿನಂತಾಗಿತ್ತು.

ಆ ರಾತ್ರಿ ಕೇಲಾಂಗಿನ ಮನೆಯಲ್ಲಿ ಒಲೆಯ ಮುಂದೆ ಕುಳಿತು ನಾವಿಬ್ಬರೂ ಈ ವಿಷಯವನ್ನು ಶಾಲೆಯ ಪಾಠದಂತೆ ಮೊದಲಿನಿಂದ ಓದಲಾರಂಭಿಸಿದೆವು. ಮುಂದಿನ ರಜೆಯ ಪರಿಯಂತ ಪತ್ರಗಳಲ್ಲಿಯೂ ಅದೇ ಚರ್ಚೆ. ತಿಳಿದುಬಂದುದನ್ನು ಕ್ರಮವಾಗಿ ಹೇಳುತ್ತೇವೆ.

ರಬ್ಬರಿಗೂ ಚಳಿಗೂ ಮೊದಲಿನಿಂದಲೂ ವೈರ. ಹಸಿ ರಬ್ಬರು ಚಳಿಯಲ್ಲಿ ಬಿರುಸಾಗುತ್ತದೆ, ಬಿಸಿಲಿನಲ್ಲಿ ಅಂಟಾಗುತ್ತದೆ. 1839ರಲ್ಲಿ ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರ್ ಎಂಬವರು ಅದಕ್ಕೆ ಗಂಧಕವನ್ನು ಬೆರಸಿ ಕಾಯಿಸುವ ಉಪಾಯವನ್ನು ಕಂಡುಹಿಡಿದ ಮೇಲೆಯೇ ಅದು ಮನುಷ್ಯರ ಉಪಯೋಗಕ್ಕೆ ಸರಿಯಾಗಿ ಬಂದಿತು. 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯರಾದ ಜಾನ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲಿಗೆ ಗಾಳಿ ತುಂಬಿದ ಟಯರನ್ನು ಮಾಡಿಕೊಟ್ಟರು. ಆದಾಗ್ಯೂ ಚಳಿಯ ವೈರವು ಪೂರ್ತಿಯಾಗಿ ತೀರಲಿಲ್ಲ. ಬೇಸಗೆಗೆಂದು ಬೆರಸಿದ ರಬ್ಬರು ಸುಮಾರು 7 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತಾ ಹೋಗುವುದು. ಮೃದುವಾದ ರಬ್ಬರು ನೆಲದ ಉಬ್ಬುತಗ್ಗುಗಳಲ್ಲಿ ಇಳಿದು ಹಿಡಿಯುತ್ತದೆ. ಬಿರುಸಾದದ್ದು ಮೇಲೆಯೇ ಜಾರುತ್ತದೆ. ಹಿಮದ ಸೀಮೆಗೆಂದು ಮಾಡುವ ಟಯರುಗಳಲ್ಲಿ ಸಿಲಿಕಾ ಮುಂತಾದವುಗಳನ್ನು ಬೆರಸಿ ಶೂನ್ಯದ ಕೆಳಗೂ ಮೃದುವಾಗಿರುವಂತೆ ಮಾಡುತ್ತಾರೆ. ಇದು ಕಣ್ಣಿಗೆ ಕಾಣುವ ಗುಣವಲ್ಲ. ನಾವು ನೋಡಿ ಆರಿಸಿದ್ದು ಕಾಣುವ ಗುಣವನ್ನು ಮಾತ್ರ.

ಎರಡನೆಯದು ಗೀರುಗಳ ಮಾತು. ಹಿಮವನ್ನು ಅತ್ಯಂತ ಚೆನ್ನಾಗಿ ಹಿಡಿಯುವುದು ಹಿಮವೇ. ಮಕ್ಕಳು ಹಿಮದ ಉಂಡೆಯನ್ನು ಕಟ್ಟುವಾಗ ಒಂದು ಹಿಡಿಯು ಇನ್ನೊಂದಕ್ಕೆ ಅಂಟುವುದನ್ನು ಆ ಹುಡುಗಿಯೇ ನಮಗೆ ತೋರಿಸಿದಳು. ಒಳ್ಳೆಯ ಟಯರು ತನ್ನ ಸಣ್ಣ ಸಂದುಗಳಲ್ಲಿ ಸ್ವಲ್ಪ ಹಿಮವನ್ನು ಇಟ್ಟುಕೊಂಡು, ಅದರಿಂದಲೇ ಕೆಳಗಿನ ಹಿಮವನ್ನು ಹಿಡಿಯುತ್ತದೆ. ಅದಕ್ಕಾಗಿ ಪ್ರತಿಯೊಂದು ಗಟ್ಟಿಯ ಮೇಲೂ ಚಾಕುವಿನಿಂದ ಗೀರಿದಂತೆ ತೆಳ್ಳನೆಯ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಎಂದು ಹೆಸರು. 1923ರಲ್ಲಿ ಇಂಥ ಸೀಳುಗಳಿಗೆ ಅಮೇರಿಕೆಯಲ್ಲಿ ಪೇಟೆಂಟು ಪಡೆದ ಜಾನ್ ಸೈಪ್ ಎಂಬವರಿಂದ ಬಂದ ಹೆಸರಿದು. ಪ್ರತಿಯೊಂದು ಸೀಳೂ ನೆಲವನ್ನು ಕಚ್ಚುವ ಒಂದು ಅಂಚು. ನಾವು ಕೊಡಿಸಿದ ಕೆಸರಿನ ಟಯರಿನಲ್ಲಿ ಇಂಥ ಸೀಳುಗಳು ಇಲ್ಲವೆಂಬಷ್ಟು ಕಡಮೆ. ಅಗಲವಾದ ಸಂದುಗಳು ಹಿಮವನ್ನು ಹಿಡಿದುಕೊಳ್ಳದೆ ಕೆಸರನ್ನು ಎಸೆದಂತೆಯೇ ಎಸೆದುಬಿಡುತ್ತಿದ್ದವು. ಹೊಸದಾಗಿ ಬಿದ್ದ ಆಳವಾದ ಹಿಮದಲ್ಲಿ ಅಗೆದು ಹೋಗುವುದಕ್ಕೆ ಅದು ಆದೀತು. ತುಳಿದು ಗಟ್ಟಿಯಾದ ಹಿಮದ ಮೇಲೆ ಆಗದು. ಮಲೆನಾಡಿನಲ್ಲಿ ಯಾವ ಗುಣವು ಕಾಪಾಡಿತೋ ಅದೇ ಗುಣವು ಲಾಹೌಲಿನಲ್ಲಿ ದೋಷವಾಯಿತು.

ಮೂರನೆಯದು ಪಕ್ಕೆಯ ಮೇಲಿನ ಗುರುತುಗಳು. ಎಂ ಪ್ಲಸ್ ಎಸ್ ಎಂಬ ಅಕ್ಷರಗಳಿಗೆ ನಾವು ಮೋಸಹೋದೆವೆಂದು ಹೇಳಿದೆವಷ್ಟೆ. ಈ ಅಕ್ಷರಗಳು ಸಂದುಗಳ ಆಕಾರವನ್ನು ನೋಡಿ ತಯಾರಕರು ತಾವೇ ಹಾಕಿಕೊಳ್ಳುವಂಥವು. ಟಯರನ್ನು ಹಿಮದ ಮೇಲೆ ಓಡಿಸಿ ನೋಡಿರಬೇಕೆಂಬ ನಿಯಮವೇನೂ ಇಲ್ಲ. ಪರೀಕ್ಷೆಗೆ ಕುಳಿತುಕೊಳ್ಳದೆ ತನ್ನ ಪ್ರಮಾಣಪತ್ರವನ್ನು ತಾನೇ ಬರೆದುಕೊಂಡ ವಿದ್ಯಾರ್ಥಿನಿಯನ್ನು ನಾವು ಶಾಲೆಯಲ್ಲಿ ಏನೆನ್ನುತ್ತೇವೆ! ಪರೀಕ್ಷೆ ಕೊಟ್ಟ ಟಯರಿನ ಮೇಲೆ ಬೇರೆ ಗುರುತಿರುತ್ತದೆ. ಮೂರು ಶಿಖರಗಳ ಒಂದು ಬೆಟ್ಟ, ಅದರೊಳಗೆ ಒಂದು ಹಿಮದ ಹೂವು. 1999ರಲ್ಲಿ ಅಮೇರಿಕೆ ಮತ್ತು ಕೆನಡಾ ದೇಶಗಳ ರಬ್ಬರು ತಯಾರಕರ ಸಂಘಗಳು ಈ ಗುರುತನ್ನು ಏರ್ಪಡಿಸಿದವು. ತುಳಿದ ಹಿಮದ ಮೇಲೆ ಓಡಿಸಿದಾಗ ಗೊತ್ತುಮಾಡಿದ ಒಂದು ಮಾದರಿ ಟಯರಿಗಿಂತ ನೂರಕ್ಕೆ ಹತ್ತರಷ್ಟಾದರೂ ಹೆಚ್ಚಿನ ಎಳೆತವನ್ನು ತೋರಿಸಿದರೆ ಈ ಗುರುತು ದೊರೆಯುವುದು. ಜರ್ಮನಿಯಲ್ಲಿರುವ ನಮ್ಮ ಹಳೇ ವಿದ್ಯಾರ್ಥಿನಿಯರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿಯ ಕಾನೂನಿನಂತೆ 2018ರ ಜನವರಿಯಿಂದ ತಯಾರಾದ ಟಯರುಗಳು ಚಳಿಗಾಲಕ್ಕೆ ಸಲ್ಲಬೇಕಾದರೆ ಈ ಗುರುತು ಬೇಕು. ಬರಿಯ ಎಂ ಪ್ಲಸ್ ಎಸ್ ಇದ್ದ ಹಳೆಯ ಟಯರುಗಳಿಗೆ ಕೊಟ್ಟಿದ್ದ ರಿಯಾಯಿತಿಯು 2024ರ ಸೆಪ್ಟೆಂಬರಿಗೆ ಮುಗಿದುಹೋಯಿತು. ಆದರೆ ಈ ಪರೀಕ್ಷೆಯ ಪಠ್ಯವೂ ಚಿಕ್ಕದೆಂಬುದನ್ನು ಮರೆಯಬಾರದು. ಅಮೇರಿಕೆಯ ಕ್ರಮದಲ್ಲಿ ನೋಡುವುದು ಗಾಡಿಯು ಮುಂದಕ್ಕೆ ಹೊರಡುವಾಗಿನ ಹಿಡಿತವನ್ನು. ನಿಲ್ಲುವುದು, ತಿರುಗುವುದು, ಗಾಜಿನಂಥ ಮಂಜುಗಡ್ಡೆಯ ಮೇಲೆ ನಡೆಯುವುದು ಅದರಲ್ಲಿ ಸೇರಿಲ್ಲ. ಒಂದು ವಿಷಯದಲ್ಲಿ ತೇರ್ಗಡೆಯಾದವಳನ್ನು ಎಲ್ಲಾ ವಿಷಯಗಳಲ್ಲಿಯೂ ಪಂಡಿತೆಯೆಂದು ತಿಳಿಯಲಾಗದು.

ಹೀಗಿರಲು ಎರಡನೆಯ ಸಾರೆ ಆರಿಸುವಾಗ ನಾವು ಮೊದಲು ಅಂಗಡಿಗೆ ಹೋಗಲಿಲ್ಲ. ತಮ್ಮನಿಗೆ ಒಂದು ಪುಸ್ತಕವನ್ನು ಕಳುಹಿಸಿ, ಮೂರು ತಿಂಗಳ ಪರಿಯಂತ ಗಾಡಿಯು ಯಾವ ಯಾವ ನೆಲದ ಮೇಲೆ ಎಷ್ಟೆಷ್ಟು ಹೋಯಿತೆಂದು ಬರೆದಿಡಲು ಹೇಳಿದೆವು. ಲೆಕ್ಕ ಬಂದಾಗ ಅವನಿಗೇ ಆಶ್ಚರ್ಯವಾಯಿತು. ನೂರು ಕಿಲೋಮೀಟರಿನಲ್ಲಿ ಸುಮಾರು 70 ಟಾರು ರಸ್ತೆ, 20 ಜಲ್ಲಿ ಮತ್ತು ಚೂಪುಗಲ್ಲುಗಳ ಹಾದಿ, ಉಳಿದ 10 ಹಿಮ. ಕೆಸರೆಂಬುದು ಹೇಳಿಕೊಳ್ಳುವಷ್ಟೇ ಇರಲಿಲ್ಲ. ಇಲ್ಲದ ಕೆಸರಿಗಾಗಿ ಅವನು ಎಪ್ಪತ್ತು ಪಾಲು ದಾರಿಯಲ್ಲಿ ಸದ್ದನ್ನೂ ಖರ್ಚನ್ನೂ, ಹತ್ತು ಪಾಲು ದಾರಿಯಲ್ಲಿ ಪ್ರಾಣಭಯವನ್ನೂ ಸಹಿಸುತ್ತಿದ್ದನು. ಗಾಡಿಯು ಎಲ್ಲಿಗೆ ಹೋಗಬಹುದೆಂಬ ಕನಸನ್ನು ನೋಡಿ ಟಯರನ್ನು ಕೊಳ್ಳಬಾರದು. ಎಲ್ಲಿಗೆ ಹೋಗುತ್ತದೆಂಬ ಲೆಕ್ಕವನ್ನು ನೋಡಿ ಕೊಳ್ಳಬೇಕು.

ಬರಿಯ ಚಳಿಗಾಲಕ್ಕೆಂದೇ ಮಾಡಿದ ಟಯರುಗಳನ್ನು ಒಂದು ಜತೆ ಬೇರೆಯಾಗಿ ಇಟ್ಟುಕೊಂಡು, ಕಾಲಕ್ಕೆ ತಕ್ಕಂತೆ ಬದಲಾಯಿಸುವುದು ಎಲ್ಲಕ್ಕಿಂತ ಉತ್ತಮ. ಚಳಿ ದೇಶಗಳಲ್ಲಿರುವ ನಮ್ಮವರು ಹಾಗೆಯೇ ಮಾಡತಕ್ಕದ್ದು. ನಮ್ಮ ದೇಶದಲ್ಲಿ ಅವು ಬೇಕಾದ ಅಳತೆಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಮೇಲಾಗಿ ಅವು ಬೇಸಗೆಯ ಕಾದ ಟಾರಿನ ಮೇಲೆ ಬೇಗ ಸವೆಯುವುವು. ಅದು ಕಾರಣ ಎಲ್ಲಾ ನೆಲದ ಟಯರುಗಳಲ್ಲಿಯೇ ಬೆಟ್ಟ ಮತ್ತು ಹಿಮದ ಹೂವಿನ ಗುರುತುಳ್ಳದ್ದನ್ನು ಹುಡುಕುವುದೆಂದು ನಿಶ್ಚಯಿಸಿದೆವು. ಈ ಜಾತಿಯಲ್ಲಿಯೂ ಎಲ್ಲವೂ ಒಂದೇ ಅಲ್ಲ. ಗುರುತಿರುವುವೂ ಇಲ್ಲದವುಗಳೂ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುವು. ದೂರದಿಂದ ನೋಡಿದರೆ ಅಕ್ಕತಂಗಿಯರಂತೆ ಕಾಣುವುವು. ಬಗ್ಗಿ ಪಕ್ಕೆಯನ್ನು ಓದಬೇಕು.

ಅಳತೆಯ ವಿಷಯದಲ್ಲಿಯೂ ಆಸೆ ಅಡ್ಡಬರುವುದುಂಟು. 235/70 ಆರ್ 16 ಎಂದು ಬರೆದಿದ್ದರೆ, ಟಯರಿನ ಅಗಲ 235 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು, ಅಂದರೆ ಸುಮಾರು 164. ಆರ್ ಎಂಬುದು ರೇಡಿಯಲ್ ಕಟ್ಟಡವನ್ನು ಸೂಚಿಸುತ್ತದೆ. ಒಳಗಿನ ಚಕ್ರ 16 ಅಂಗುಲ. ಕೂಡಿಸಿದರೆ ಒಟ್ಟು ಎತ್ತರ 735 ಮಿಲಿಮೀಟರು. ತಮ್ಮನಿಗೆ 245/75 ಆರ್ 16 ಹಾಕಿಸಬೇಕೆಂಬ ಆಸೆಯಿತ್ತು. ಅದರ ಎತ್ತರ 774 ಆಗುತ್ತದೆ. ನೆಲದಿಂದ ಗಾಡಿಯು ಎರಡು ಸೆಂಟಿಮೀಟರು ಮೇಲೇರುವುದು ನಿಜ. ಆದರೆ ವೇಗದ ಮುಳ್ಳು 60 ಎಂದು ತೋರಿಸುವಾಗ ಗಾಡಿಯು 63ರಲ್ಲಿ ಹೋಗುತ್ತಿರುವುದು, ಚಕ್ರ ತಿರುಗಿಸಿದಾಗ ರೆಕ್ಕೆಗೆ ತಾಗಬಹುದು, ಸರಪಳಿ ಸುತ್ತಲು ಸಂದು ಉಳಿಯದಿರಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹೇಳಿ, ಗಾಡಿಯ ತಯಾರಕರು ಗೊತ್ತುಮಾಡಿದ ಅಳತೆಯಲ್ಲಿಯೇ ನಿಂತೆವು.

ಭಾರದ ಸಂಖ್ಯೆಯನ್ನೂ ನೋಡಬೇಕು. ಅಳತೆಯ ಮುಂದೆ 105 ಎಂದಿದ್ದರೆ ಒಂದು ಟಯರು 925 ಕಿಲೋ ಹೊರಬಲ್ಲದೆಂದು ಅರ್ಥ. ತಯಾರಕರು ಹೇಳಿದ್ದಕ್ಕಿಂತ ಕಡಮೆಯ ಸಂಖ್ಯೆಯನ್ನು ಎಂದಿಗೂ ಒಪ್ಪಬಾರದು. ಪಕ್ಕೆಯಲ್ಲಿಯೇ ನಾಲ್ಕಂಕಿಯ ಒಂದು ಸಂಖ್ಯೆಯುಂಟು: 3523 ಎಂದಿದ್ದರೆ 2023ನೆಯ ವರ್ಷದ 35ನೆಯ ವಾರದಲ್ಲಿ ಹುಟ್ಟಿದ ಟಯರು. ರಬ್ಬರು ಅಂಗಡಿಯಲ್ಲಿ ಕುಳಿತೂ ಮುದಿಯಾಗುವುದರಿಂದ ಇದನ್ನು ಓದದೆ ಹಣ ಕೊಡಬಾರದು. ಸವೆತದ ವಿಷಯದಲ್ಲಿ ನಮ್ಮ ದೇಶದ ನಿಯಮವು ಸಂದಿನ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದೆನ್ನುತ್ತದೆ. ಹಿಮಕ್ಕೆ ಅದು ಸಾಲದು. ಆಸ್ಟ್ರಿಯಾ ದೇಶದಲ್ಲಿ ಚಳಿಗಾಲದ ರೇಡಿಯಲ್ ಟಯರಿಗೆ 4 ಮಿಲಿಮೀಟರು ಇರಲೇಬೇಕು. ನಾವೂ ಅದನ್ನೇ ನಮ್ಮ ನಿಯಮವಾಗಿ ಮಾಡಿಕೊಂಡೆವು. ಕೊನೆಯದಾಗಿ, ನಾಲ್ಕೂ ಟಯರುಗಳು ಒಂದೇ ಆಗಿರಬೇಕು. ಮುಂದೆ ಹಿಡಿತವಿದ್ದು ಹಿಂದೆ ಇಲ್ಲದಿದ್ದರೆ ಗಾಡಿಯು ಬುಗುರಿಯಂತೆ ತಿರುಗುವುದು.

ಗಾಳಿಯ ಲೆಕ್ಕವು ನಮ್ಮ ವಿಜ್ಞಾನದ ತರಗತಿಗೆ ಒಳ್ಳೆಯ ಉದಾಹರಣೆಯಾಯಿತು. ಸಕಲೇಶಪುರದಲ್ಲಿ 30 ಡಿಗ್ರಿ ಉಷ್ಣದಲ್ಲಿ ಚದರಂಗುಲಕ್ಕೆ 35 ಪೌಂಡು ತುಂಬಿದ ಟಯರು, ಶೂನ್ಯದ ಕೆಳಗೆ 10 ಡಿಗ್ರಿಯ ಚಳಿಗೆ ಬಂದರೆ ಸುಮಾರು 29ಕ್ಕೆ ಇಳಿಯುತ್ತದೆ. ಆದರೆ ಮೂರು ಸಾವಿರ ಮೀಟರು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೂ ಕಡಮೆಯಾಗಿರುವುದರಿಂದ ಮಾಪಕವು ಮೂರು ಪೌಂಡನ್ನು ಹಿಂದಕ್ಕೆ ಕೊಟ್ಟು ಸುಮಾರು 32 ತೋರಿಸುವುದು. ಊಹೆಯನ್ನು ನಂಬದೆ, ಎಲ್ಲಿರುವೆವೋ ಅಲ್ಲಿಯೇ, ಬೆಳಗ್ಗೆ ಗಾಡಿ ಹೊರಡುವ ಮೊದಲು, ಟಯರು ತಣ್ಣಗಿರುವಾಗ ಅಳೆಯುವುದೊಂದೇ ಸರಿಯಾದ ದಾರಿ. ಮರಳಿನಲ್ಲಿಯೂ ಮೆತ್ತನೆಯ ಆಳವಾದ ಹಿಮದಲ್ಲಿಯೂ ಗಾಳಿಯನ್ನು ಸ್ವಲ್ಪ ಇಳಿಸಿದರೆ ಟಯರಿನ ಹೆಜ್ಜೆಯು ಉದ್ದವಾಗಿ ಹೂಳದೆ ಸಾಗುವುದು. ಆದರೆ ಟಾರು ರಸ್ತೆಗೆ ಬಂದೊಡನೆ ಮತ್ತೆ ತುಂಬದಿದ್ದರೆ ಪಕ್ಕೆಯು ಕಾದು ಒಡೆಯಬಹುದು.

ಟಯರುಗಳು ಬಂದವು. ಹಣವನ್ನು ಈ ಸಾರೆಯೂ ನಾವೇ ಕೊಟ್ಟೆವು. ತಮ್ಮನು ಬೇಡವೆಂದರೂ ಕೇಳಲಿಲ್ಲ. ಹಳೆಯವುಗಳಿಗಿಂತ ನೋಡಲು ಸಾಧಾರಣವಾಗಿದ್ದವು. ಅವುಗಳ ಸಂಗಡ ಒಂದು ಜತೆ ಸರಪಳಿಯನ್ನೂ ಕೊಡಿಸಿದೆವು. ಯಾಕೆಂದರೆ ಎಷ್ಟು ಒಳ್ಳೆಯ ಟಯರಾದರೂ ಮಂಜುಗಡ್ಡೆಯ ಮೇಲೆ ಸರಪಳಿಗೆ ಸಮವಲ್ಲ. ಶಾಲೆಯ ಕರಿಹಲಗೆಯ ಮೇಲೆ ನಾವು ಈಗಲೂ ಬರೆಸುವ ಒಂದು ಲೆಕ್ಕವುಂಟು. ಘರ್ಷಣೆಯ ಅಂಕವನ್ನು ಒಣ ಟಾರಿಗೆ 0.8, ತುಳಿದ ಹಿಮಕ್ಕೆ 0.2, ಮಂಜುಗಡ್ಡೆಗೆ 0.1 ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರು ವೇಗದ ಗಾಡಿಯು ಬ್ರೇಕು ಹಿಡಿದ ಮೇಲೆ ಕ್ರಮವಾಗಿ 8, 31, 63 ಮೀಟರು ಹೋಗಿ ನಿಲ್ಲುವುದು. ವೇಗವನ್ನು ಅರ್ಧ ಮಾಡಿದರೆ ಈ ದೂರಗಳು ನಾಲ್ಕರಲ್ಲಿ ಒಂದು ಪಾಲಾಗುವುವು. ನಾಲ್ಕು ಚಕ್ರಗಳಿಗೂ ಬಲವಿದೆಯೆಂಬ ಹೆಮ್ಮೆಯು ಹೊರಡುವಾಗ ಸಲ್ಲುವುದು. ನಿಲ್ಲುವಾಗ ಪ್ರತಿಯೊಂದು ಗಾಡಿಗೂ ನಾಲ್ಕು ಚಕ್ರಗಳಿಗೆ ಬ್ರೇಕು ಇದ್ದೇ ಇದೆ. ಒಂದೊಂದು ಟಯರು ನೆಲವನ್ನು ಮುಟ್ಟುವ ಜಾಗವು ಸುಮಾರು ಒಂದು ಅಂಗೈಯಷ್ಟು. ಇದನ್ನು ಹೇಳಿದಾಗ ಹುಡುಗಿಯು ನಂಬಲಿಲ್ಲ. ಅವಳ ತಂದೆಯ ಎರಡೂ ಕೈಗಳನ್ನು ನಮ್ಮ ಎರಡೂ ಕೈಗಳ ಪಕ್ಕದಲ್ಲಿ ಮೇಜಿನ ಮೇಲೆ ಊರಿಸಿ, ಇಷ್ಟೇ ಜಾಗದ ಮೇಲೆ ನಾವೆಲ್ಲರೂ ಕುಳಿತಿದ್ದೆವೇ ಎಂದು ಕೇಳಿದಳು. ಇಷ್ಟೇ ಎಂದೆವು.

ಎರಡನೆಯ ಚಳಿಗಾಲದಲ್ಲಿ ನಾವು ಮತ್ತೆ ಹೋದೆವು. ತುಳಿದ ಹಿಮದ ಮೇಲೆ ಗಾಡಿಯು ಹೇಳಿದ ಮಾತನ್ನು ಕೇಳಿತು. ಹಳೆಯ ಟಯರುಗಳಿಗೂ ಇದಕ್ಕೂ ಇದ್ದ ಅಂತರವು ಗಾಡಿ ನಡೆಸಲು ಬಾರದ ನಮಗೂ ತಿಳಿಯಿತು. ಆದರೆ ಆ ತಿರುವಿಗೆ ಸ್ವಲ್ಪ ಮುಂಚೆ ಸಮನಾದ ಜಾಗದಲ್ಲಿ ತಮ್ಮನು ಬೇಕೆಂತಲೇ ಒಮ್ಮೆ ಬ್ರೇಕು ಹಿಡಿದು ನೋಡಿದನು. ಕೆಳಗಿದ್ದುದು ಹಿಮವಲ್ಲ. ಗುಡ್ಡದಿಂದ ಇಳಿದ ನೀರು ರಸ್ತೆಯ ಮೇಲೆ ಹರಿದು ಹೆಪ್ಪುಗಟ್ಟಿತ್ತು. ಅದರ ಮೇಲೆ ತೆಳ್ಳಗೆ ಹಿಮ ಉದುರಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕತ್ತಲೆಯಾಗುತ್ತಾ ಬಂದಿತ್ತು. ಸರಪಳಿ ಕಟ್ಟಿಕೊಂಡು ಮುಂದೆ ಹೋಗಬಹುದಾಗಿತ್ತು. ಅವನು ಸ್ವಲ್ಪ ಹೊತ್ತು ಯೋಚಿಸಿ, ಸರಪಳಿಯನ್ನು ಕಟ್ಟಿ, ಗಾಡಿಯನ್ನು ಹಿಂದಕ್ಕೆ ತಿರುಗಿಸಿದನು. ನಾವು ಸಿಸ್ಸುವಿನ ಒಂದು ಮನೆಯಲ್ಲಿ ರಾತ್ರಿ ಇಳಿದುಕೊಂಡು, ಮರುದಿವಸ ಬಿಸಿಲು ಏರಿ ರಸ್ತೆಗೆ ಮರಳು ಹಾಕಿದ ಮೇಲೆ ಕೇಲಾಂಗನ್ನು ಸೇರಿದೆವು. ಹುಡುಗಿಯು ಅಲ್ಲಿ ತನ್ನ ತಾಯಿಯೊಡನೆ ನಮಗಾಗಿ ಕಾದಿದ್ದಳು. ಒಂದು ದಿವಸ ತಡವಾದುದಕ್ಕೆ ನಮ್ಮೊಡನೆ ಮಧ್ಯಾಹ್ನದ ಪರಿಯಂತ ಮಾತನಾಡಲಿಲ್ಲ.

ಆ ತಿರುಗಿದ್ದೇ ನಮಗೆ ಅತ್ಯಂತ ಸಂತೋಷವನ್ನು ಕೊಟ್ಟಿತು. ಟಯರು ಒಳ್ಳೆಯದೆಂದು ತಿಳಿದವರು ಮುಂದೆ ಹೋಗಲು ಧೈರ್ಯ ಮಾಡುವುದುಂಟು. ಅದು ಎಲ್ಲಿಯವರೆಗೆ ಒಳ್ಳೆಯದೆಂದು ತಿಳಿದವರು ಮಾತ್ರ ಹಿಂದಿರುಗಬಲ್ಲರು. ನಾವು ಕಣ್ಣಿಗೆ ಬಲವಾಗಿ ಕಂಡದ್ದನ್ನು ವಿಚಾರಿಸದೆ ಕೊಡಿಸಿದುದರಿಂದ ನಮ್ಮವರು ಅಪಾಯಕ್ಕೆ ಸಿಕ್ಕಿದರು. ಪ್ರೀತಿಯಿಂದ ಕೊಟ್ಟೆವೆಂಬುದು ಆ ಜಾರುವ ನೆಲದ ಮೇಲೆ ಯಾವ ಉಪಯೋಗಕ್ಕೂ ಬರಲಿಲ್ಲ.

ಪ್ರಿಯ ಹಳೇ ವಿದ್ಯಾರ್ಥಿನಿಯರೇ, ಮುಂದಿನ ಸಮ್ಮೇಳನಕ್ಕೆ ತಾವು ಬಂದಾಗ ಅಂಗಳದಲ್ಲಿ ತಮ್ಮ ಗಾಡಿಗಳ ಬಳಿ ಬಗ್ಗಿ, ಪಕ್ಕೆಯ ಅಕ್ಷರಗಳನ್ನು ಓದುತ್ತಾ ಉಗುರಿನಿಂದ ರಬ್ಬರನ್ನು ಒತ್ತಿ ನೋಡುತ್ತಿರುವ ಒಬ್ಬ ಮುಖ್ಯೋಪಾಧ್ಯಾಯಿನಿಯನ್ನು ಕಂಡರೆ ಗಾಬರಿಪಡಬೇಡಿರಿ. ತಯಾರಾದ ವಾರ ಯಾವುದು, ಸಂದಿನ ಆಳವೆಷ್ಟು ಎಂದು ಕೇಳಿದರೆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಿ. ಪೋಷಕರಾದ ತಾವೂ ಮಕ್ಕಳನ್ನು ಶಾಲೆಗೆ ಕರೆತರುವ ಗಾಡಿಯನ್ನು ಇಂದು ಸಂಜೆಯೇ ಒಮ್ಮೆ ಬಗ್ಗಿ ನೋಡಬೇಕೆಂದು ವಿನಯದಿಂದ ಬೇಡಿಕೊಳ್ಳುತ್ತೇವೆ.